ಚಿತ್ರಗಳಿಗೆ ನಾನು ಬರೆದ ವಿಳಾಸ

ಮನುಷ್ಯನಿಗೆ ವಿನಯ ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಮೂವತ್ತೈದು ವರ್ಷ ಹಾಗೇ ಇದ್ದೆ. ಟಪಾಲು ಹಂಚುವವನಿಗೆ ವಿನಯ ಬಿಟ್ಟರೆ ಬೇರೆ ಗತಿಯಿಲ್ಲ. ಅವನು ಸೈಕಲ್ ನಿಲ್ಲಿಸುವ ಮನೆಗಳಲ್ಲಿ ಅರ್ಧಕ್ಕರ್ಧ ಮನೆಗಳ ಮುಂದೆ ನಾಯಿ ಇರುತ್ತದೆ. ಆದರೆ ನಿವೃತ್ತಿಯಾದ ಮೇಲೆ ನನಗೆ ಒಂದು ವಿಷಯದಲ್ಲಿ ಜಂಬ ಬಂದಿದೆ. ಅದನ್ನು ಮುಚ್ಚಿಡದೆ ಮೊದಲಿಗೇ ಹೇಳಿಬಿಡುತ್ತೇನೆ. ವೆಬ್‌ಸೈಟಿನ ಪುಟದಲ್ಲಿ ಒಂದು ಚಿತ್ರ ಕಾಣಬೇಕಾದರೆ ಅದರ ವಿಳಾಸವನ್ನು ಟೆಂಪ್ಲೇಟಿನಲ್ಲಿ ಹೇಗೆ ತರಿಸಬೇಕು ಎಂಬುದು ನನಗೆ ಗೊತ್ತು. ಇದರಲ್ಲಿ ಜಂಬಪಡುವಂಥದ್ದೇನು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಲೋಚನಾ ದಿನವೂ ಕೇಳುತ್ತಾಳೆ. ಅಂಕೋಲೆಯ ಮೀನುಪೇಟೆಯಲ್ಲಿ ಒಮ್ಮೆ ಬಂಗಡೆ ಮಾರುವವಳಿಗೇ ನಾನು ಇದನ್ನು ವಿವರಿಸತೊಡಗಿದೆ. ಪಾಪ, ಅವಳು ಅರ್ಧ ತಾಸು ಕೇಳಿಸಿಕೊಂಡಳು. ಅಂದಿನಿಂದ ಸುಲೋಚನಾ ನನ್ನನ್ನು ಒಬ್ಬನೇ ಪೇಟೆಗೆ ಕಳಿಸುವುದಿಲ್ಲ. "ನೀವು ಅಲ್ಲಿ ಪಾಠ ಮಾಡ್ತಾ ನಿಂತ್ರೆ ಇಲ್ಲಿ ಮಸಾಲೆ ಅರೆದಿಟ್ಟವ್ರು ಎಂತ ಮಾಡೂದು?" ಎನ್ನುವುದು ಅವಳ ನ್ಯಾಯವಾದ ಪ್ರಶ್ನೆ.

ನಮ್ಮದು ಮೂಲದಲ್ಲಿ ಚೆಂಡಿಯಾ ಕಡೆ. ನೌಕಾನೆಲೆಗೆ ನಮ್ಮ ಜಮೀನು, ಮನೆ, ತೆಂಗಿನ ಮರ ಎಲ್ಲ ಹೋದವು. ನಾವು ಕೆಲವರು ಅಂಕೋಲೆಯ ಕಡೆಯ ಹೊಸ ಕಾಲೋನಿಗೆ ಬಂದೆವು, ಕೆಲವರು ಕಾರವಾರದಲ್ಲಿ ಉಳಿದರು, ಕೆಲವರು ಮಗಳ ಮನೆ, ಅಳಿಯನ ಮನೆ ಎಂದು ಸಿಕ್ಕಲ್ಲಿ ನೆಲೆ ನಿಂತರು. ಅದು ಹಳೆಯ ಮಾತು. ಅದರ ಬಗ್ಗೆ ಅತ್ತವರು ಅತ್ತು ಮುಗಿಸಿದ್ದಾರೆ. ಆದರೆ ನಿವೃತ್ತರಾದ ನಾವು ನಾಲ್ಕೈದು ಜನ ಒಂದು ಸಂಜೆ ಕೂತು ಮಾತಾಡುವಾಗ, ನಮ್ಮ ಹಳೆಯ ಕೇರಿಯ ಬಾವಿ ನಮ್ಮ ಮನೆಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬ ಬಗ್ಗೆ ದೊಡ್ಡ ಜಗಳವೇ ಆಗಿಹೋಯಿತು. ಯಾರ ಬಳಿಯೂ ಸಾಕ್ಷಿ ಇರಲಿಲ್ಲ. ಆಗ ಎಲ್ಲರ ಮನೆಯ ಹಳೆಯ ಫೋಟೋಗಳನ್ನು ಒಂದು ಕಡೆ ಸೇರಿಸಿ, ಎಲ್ಲರಿಗೂ ಕಾಣುವಂತೆ ವೆಬ್‌ಸೈಟ್ ಮಾಡಬೇಕೆಂದು ತೀರ್ಮಾನವಾಯಿತು. ಫೋಟೋ ಕೂಡಿಸುವ ಕೆಲಸ ನನ್ನದು. ಟಪಾಲಿನವನು ಬಂದರೆ ಜನ ಬಾಗಿಲು ತೆರೆಯುತ್ತಾರೆ, ಪೆಟ್ಟಿಗೆಯನ್ನೂ ತೆರೆಯುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಮುನ್ನೂರಕ್ಕೂ ಹೆಚ್ಚು ಫೋಟೋ ಸೇರಿದವು. ಬಾವಿ ಬಲಕ್ಕೇ ಇತ್ತು. ನಾನು ಹೇಳಿದ್ದೂ ಅದನ್ನೇ.

ವೆಬ್‌ಸೈಟ್ ಕಟ್ಟಿಕೊಟ್ಟವಳು ಕೋಡಿಬಾಗದ ವೀಣಾ. ನದಿಗೆ ಹೋಗುವ ರಸ್ತೆಯಲ್ಲಿ ಅವಳದೊಂದು ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ಇದೆ. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಅವಳ ತಾಯಿಯ ತವರು ನಮ್ಮ ಕೇರಿ. ಆ ನಂಟಿನಿಂದ ನಾನು ಅವಳಿಗೆ ಮಾಮಾ. ಅವಳು ನನಗೆ ಕಲಿಸಿದ್ದು ಇಷ್ಟು: ನಮ್ಮ ಬರಹ, ಫೋಟೋ ಎಲ್ಲವನ್ನೂ ಒಂದು ಕಡೆ ಜೋಪಾನವಾಗಿ ಇಟ್ಟುಕೊಂಡು, ಯಾರಾದರೂ ನೋಡಲು ಬಂದಾಗ ಪುಟ ಕಟ್ಟಿಕೊಡುವ ಒಂದು ವ್ಯವಸ್ಥೆ ಇರುತ್ತದೆ. ಪುಟ ಹೇಗಿರಬೇಕು, ಹೆಸರು ಎಲ್ಲಿ ಬರಬೇಕು, ಚಿತ್ರ ಎಲ್ಲಿ ಕೂರಬೇಕು ಎಂದು ಹೇಳುವ ಅಚ್ಚೇ ಟೆಂಪ್ಲೇಟು. ನನಗೆ ಇದು ತಕ್ಷಣ ಅರ್ಥವಾಯಿತು. ರಿಜಿಸ್ಟರ್ ಪತ್ರದ ಸ್ವೀಕೃತಿ ಕಾರ್ಡು ಇದ್ದ ಹಾಗೆ. ಗೆರೆಗಳು ಅವೇ, ತುಂಬುವ ಹೆಸರು ಮಾತ್ರ ಬೇರೆ. ವೀಣಾ ಒಂದು ಟೆಂಪ್ಲೇಟು ಮಾಡಿಕೊಟ್ಟು, "ಮಾಮಾ, ಇದನ್ನು ನೋಡ್ಕಂಡು ಉಳಿದದ್ದು ನೀವೇ ಮಾಡಿ. ಆದ್ರೆ ಇದ್ರಲ್ಲಿ ಕೈ ಹಾಕ್ಬೇಡಿ," ಎಂದಳು.

ನಾನು ಕೈ ಹಾಕಿದೆ. ಹಾಕದೆ ಇರುವುದು ಹೇಗೆ ಸಾಧ್ಯವಿತ್ತು ಹೇಳಿ. ಅವಳ ಟೆಂಪ್ಲೇಟಿನಲ್ಲಿ ಚಿತ್ರದ ವಿಳಾಸ ಇರಬೇಕಾದ ಜಾಗದಲ್ಲಿ ವಿಳಾಸವೇ ಇರಲಿಲ್ಲ. ನಮ್ಮ ಗಣಿತದ ಮಾಸ್ತರು ಪುಷ್ಪಾವರಣ ಎಂದು ಕಲಿಸಿದ್ದ ಬಳುಕಿನ ಕಂಸಗಳು ಎರಡೆರಡು, ಅವುಗಳ ನಡುವೆ ಒಂದೆರಡು ಇಂಗ್ಲಿಷ್ ಶಬ್ದ. ಅಷ್ಟೇ. ಜೀವಮಾನವಿಡೀ ಹೆಸರು, ಮನೆ, ಕೇರಿ, ಅಂಚೆ, ತಾಲೂಕು, ಪಿನ್‌ಕೋಡ್ ಎಂದು ಪೂರ್ತಿ ವಿಳಾಸ ನೋಡಿದವನಿಗೆ ಅದು ಯಾರೋ ಅವಸರದಲ್ಲಿ ಅರ್ಧಕ್ಕೆ ಬಿಟ್ಟ ಲಕೋಟೆಯಂತೆ ಕಂಡಿತು. ಹುಡುಗಿ ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದಾಳೆ ಎಂದುಕೊಂಡೆ. ಮನೆಗಳು, ಮದುವೆಗಳು, ರಂಪಣಿ ಬಲೆ, ಶಾಲೆ ಎಂದು ನಾನು ಹೊಸದಾಗಿ ಮಾಡಿದ ಏಳು ಟೆಂಪ್ಲೇಟುಗಳಲ್ಲಿಯೂ ಆ ಕಂಸಗಳನ್ನು ತೆಗೆದು, ನಮ್ಮ ಸೈಟಿನ ಹೆಸರಿನಿಂದ ಹಿಡಿದು ಫೋಟೋ ಇಟ್ಟ ಫೋಲ್ಡರಿನವರೆಗೆ ಪೂರ್ತಿ ವಿಳಾಸ ಕೈಯಾರೆ ಟೈಪ್ ಮಾಡಿದೆ. ಕೊನೆಯಲ್ಲಿ ಫೋಟೋದ ಹೆಸರು ಮಾತ್ರ ತಾನಾಗಿ ಬಂದು ಕೂರುವಂತೆ ಬಿಟ್ಟೆ. ಎಲ್ಲ ಚಿತ್ರಗಳೂ ಚೆನ್ನಾಗಿ ಕಂಡವು. ಎರಡು ವರ್ಷ ಕಂಡವು. ಆ ಎರಡು ವರ್ಷ ನಾನು ವೀಣಾಳ ತಪ್ಪನ್ನು ತಿದ್ದಿಯೂ ಅವಳಿಗೆ ಹೇಳದೆ ಉಳಿದ ದೊಡ್ಡ ಮನಸ್ಸಿನವನೆಂಬ ಭಾವದಲ್ಲಿದ್ದೆ.

ಈ ವರ್ಷ ಒಂದು ಸೇರುವಿಕೆ ಇಟ್ಟುಕೊಂಡೆವು. ಹಳೆಯ ಕೇರಿಯವರೆಲ್ಲ ಅಂಕೋಲೆಯ ಒಂದು ಸಭಾಭವನದಲ್ಲಿ ಕೂಡುವುದು, ಊಟ ಮಾಡುವುದು, ಗೋಡೆಯ ಮೇಲೆ ದೊಡ್ಡದಾಗಿ ಫೋಟೋಗಳನ್ನು ನೋಡುವುದು. ಅದಕ್ಕೆ ಎಂಟು ದಿನ ಇರುವಾಗ ವೀಣಾ ಫೋನ್ ಮಾಡಿದಳು. ನಮ್ಮ ಸೈಟ್ ಇದ್ದ ಜಾಗ ಮುಚ್ಚುತ್ತದೆಯಂತೆ, ಎಲ್ಲವನ್ನೂ ಬೇರೆ ಕಡೆಗೆ, ಹೊಸ ಹೆಸರಿಗೆ ಸಾಗಿಸಿದ್ದಾಳಂತೆ. "ಒಂದು ಸಲ ತೆಗೆದು ನೋಡಿ ಮಾಮಾ," ಎಂದಳು. ನಾನು ಚಹಾ ಕುಡಿಯುತ್ತ ತೆಗೆದು ನೋಡಿದೆ. ವೀಣಾ ಮಾಡಿದ ಮೊದಲ ಪುಟ ನೆಟ್ಟಗಿತ್ತು. ಉಳಿದ ಎಲ್ಲ ಪುಟಗಳಲ್ಲಿ ಚಿತ್ರ ಇರಬೇಕಾದಲ್ಲಿ ಖಾಲಿ ಚೌಕ. ಚೌಕದ ಮೂಲೆಯಲ್ಲಿ ಹರಿದ ಕಾಗದದಂಥ ಒಂದು ಗುರುತು. ಕೆಳಗೆ ಹೆಸರು ಮಾತ್ರ ಇತ್ತು. ಇಂಥವರ ಮನೆ, ಖಾಲಿ. ಇಂಥವರ ಮದುವೆ, ಖಾಲಿ. ಚಹಾ ಆರಿತು. ಸುಲೋಚನಾ ಹಿಂದೆ ಬಂದು ನಿಂತು ಒಂದೊಂದೇ ಚೌಕ ನೋಡಿದಳು.

"ಎಲ್ಲಾ ಹೋಯ್ತಾ?" ಎಂದಳು.

"ಹೋಗ್ಲಿಲ್ಲ. ಕಾಣೂದಿಲ್ಲ ಅಷ್ಟೇ."

"ಮನೆ ಮನೆಗೆ ಹೋಗಿ ಇಸ್ಕಂಡು ಬಂದದ್ದು ನೀವು. ಕೇಳಿದ್ರೆ ನಿಮ್ಮನ್ನೇ ಕೇಳ್ತಾರೆ," ಎಂದು ಹೇಳಿ ಅವಳು ಒಳಗೆ ಹೋದಳು. ಪತ್ರ ಕಳೆದುಕೊಂಡವನೆಂಬ ಮಾತನ್ನು ನಾನು ಕೆಲಸದಲ್ಲಿದ್ದಾಗ ಒಮ್ಮೆಯೂ ಕೇಳಿದವನಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೋದೆ. ವೀಣಾ ಯಾರದೋ ಆಧಾರ್ ಕಾರ್ಡನ್ನು ಲ್ಯಾಮಿನೇಷನ್ ಮಾಡುತ್ತಿದ್ದಳು. ನನ್ನ ಮುಖ ನೋಡಿದವಳೇ, "ಕಿತೆ ಜಾಲೆ ಮಾಮಾ?" ಎಂದು ಕೊಂಕಣಿಯಲ್ಲಿ ಕೇಳಿದಳು. ಅವಳು ಗಾಬರಿಯಾದಾಗ ಮಾತ್ರ ನನ್ನ ಜೊತೆ ಕೊಂಕಣಿ ಆಡುತ್ತಾಳೆ. ಏನಾಯಿತೆಂದು ಹೇಳಿದೆ. ಅವಳು ನನ್ನ ಟೆಂಪ್ಲೇಟು ತೆಗೆದು ಓದಿದಳು. ಎರಡನೆಯದನ್ನು ಓದಿದಳು. ಏಳನ್ನೂ ಓದಿ ಮುಗಿಸುವ ಹೊತ್ತಿಗೆ ಅವಳ ಗಾಬರಿ ಹೋಗಿ ಬೇರೇನೋ ಬಂದಿತ್ತು.

"ಇದನ್ನು ಯಾರು ಬರ್ದದ್ದು?"

"ನೀನು ವಿಳಾಸ ಬರಿಯೂದು ಮರ್ತಿದ್ದೆ ಅಂತ..."

"ನಾನು ಮರ್ತಿರ್ಲಿಲ್ಲ ಮಾಮಾ," ಎಂದು ಕುರ್ಚಿ ಎಳೆದು ನನ್ನನ್ನು ಕೂರಿಸಿದಳು. "ಫೋಟೋ ಎಲ್ಲಿ ಇಟ್ಟಿದೆ ಅಂತ ಆ ವ್ಯವಸ್ಥೆಗೆ ಗೊತ್ತಿರ್ತದೆ. ನಾವು ಅದ್ರ ಹತ್ರ ಕೇಳ್ಬೇಕು: ಈ ಫೋಟೋ ಈಗ ಎಲ್ಲಿ ಅದೆ, ವಿಳಾಸ ಕೊಡು. ಆ ಕಂಸದಲ್ಲಿ ಇದ್ದದ್ದು ಆ ಪ್ರಶ್ನೆ. ಪ್ರತಿ ಸಲ ಪುಟ ತೆಗೆದಾಗ ಅದು ಹೊಸದಾಗಿ ಹೇಳ್ತದೆ. ನೀವು ಕೇಳೂದು ಬಿಟ್ಟು ಉತ್ತರವನ್ನೇ ಬರ್ದಿಟ್ರಿ. ಆಗ ಉತ್ತರ ಸರಿ ಇತ್ತು. ಈಗ ಸೈಟಿನ ಹೆಸರೂ ಬೇರೆ, ಫೋಲ್ಡರೂ ಬೇರೆ."

ಫೋಟೋಗಳು ಎಲ್ಲಿಗೂ ಹೋಗಿಲ್ಲ, ಹೊಸ ಮನೆಯಲ್ಲಿ ಸುಖವಾಗಿವೆ ಎಂದು ತಿಳಿದು ನನಗೆ ಎದ್ದು ನಿಲ್ಲುವಷ್ಟು ಧೈರ್ಯ ಬಂತು. "ನಾನೇ ತಿದ್ದುತ್ತೇನೆ" ಎಂದೆ. ವೀಣಾ ಬೇಡ ಅನ್ನಲಿಲ್ಲ. ಅಂಗಡಿಯ ಮೂಲೆಯ ಹಳೆಯ ಕಂಪ್ಯೂಟರು ತೋರಿಸಿ, "ಒಂದನ್ನು ಸರಿ ಮಾಡಿ ತೋರ್ಸಿ, ಆಮೇಲೆ ಉಳಿದದ್ದು," ಎಂದಳು.

ನಾನು ಹಳೆಯ ವಿಳಾಸ ಅಳಿಸಿ, ಕಂಸಗಳ ನಡುವೆ ಪ್ರಶ್ನೆ ಬರೆದೆ. ಏನೂ ಕಾಣಲಿಲ್ಲ. ನೋಡಿದರೆ ನಾನು ಕೇಳಿದ್ದು ಫೋಟೋದ ಹೆಸರನ್ನು. ಅದು ಪ್ರಾಮಾಣಿಕವಾಗಿ ಹೆಸರು ಹೇಳಿ ಸುಮ್ಮನಾಗಿತ್ತು. ಹೆಸರು ಗೊತ್ತಿದ್ದ ಮಾತ್ರಕ್ಕೆ ಮನೆ ಸಿಗುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಮ್ಮ ಕೇರಿಯಲ್ಲಿ ಹತ್ತು ಮಂದಿ ಗಣಪತಿಗಳಿದ್ದರು, ಅವರಲ್ಲಿ ನಾನೂ ಒಬ್ಬ. ಎರಡನೆಯ ಸಲ ಪ್ರಶ್ನೆ ಸರಿಯಾಗಿ ಕೇಳಿದೆ. ಆದರೆ ಅದನ್ನು ಚಿತ್ರದ ಚೌಕದೊಳಗೆ ಇಡುವ ಬದಲು ಚೌಕದ ಹೊರಗೆ ಇಟ್ಟುಬಿಟ್ಟೆ. ಪುಟ ತೆರೆದರೆ ಚಿತ್ರ ಒಂದೂ ಇಲ್ಲ; ಆದರೆ ಎಲ್ಲ ಚಿತ್ರಗಳ ವಿಳಾಸ ಸಾಲಾಗಿ, ಮೇಲಿನಿಂದ ಕೆಳಗಿನವರೆಗೆ, ಒಂದಕ್ಷರ ತಪ್ಪಿಲ್ಲದೆ ಅಚ್ಚಾಗಿತ್ತು. ನಿಜ ಹೇಳಬೇಕೆಂದರೆ ಆ ಪುಟ ನನಗೆ ಬಹಳ ಇಷ್ಟವಾಯಿತು. ಬೆರಳಿಟ್ಟು ಕೊನೆಯವರೆಗೂ ಓದಿದೆ. ಝೆರಾಕ್ಸ್ ಮಾಡಿಸಲು ಬಂದಿದ್ದ ಒಬ್ಬರು ಮೇಲಿನಿಂದ ಇಣುಕಿ, "ಇದೆಂತ, ಮತದಾರರ ಪಟ್ಟಿಯಾ?" ಎಂದು ಕೇಳಿದರು. ಮೂರನೆಯ ಸಲ ಚಿತ್ರಗಳು ಬಂದವು, ಆದರೆ ಅಂಚೆಚೀಟಿಯಷ್ಟೇ ದೊಡ್ಡವು. ವ್ಯವಸ್ಥೆ ಪ್ರತಿ ಫೋಟೋದ ಸಣ್ಣ ನಕಲನ್ನೂ ಇಟ್ಟುಕೊಂಡಿರುತ್ತದಂತೆ, ನಾನು ಅದರ ವಿಳಾಸ ಕೇಳಿದ್ದೆ. ನಾಲ್ಕನೆಯ ಸಲ ಪುಟ ತೆರೆದಾಗ ನಮ್ಮ ಶಾಲೆಯ ಮೆಟ್ಟಿಲು, ಮೆಟ್ಟಿಲ ಮೇಲೆ ಸಾಲಾಗಿ ನಿಂತ ಮಕ್ಕಳು, ಅವರ ಹಿಂದೆ ಕೈಕಟ್ಟಿ ನಿಂತ ಮಾಸ್ತರು ಎಲ್ಲರೂ ಒಮ್ಮೆಲೇ ಬಂದು ನಿಂತರು. ನಾನು ಕುರ್ಚಿಯಿಂದ ಎದ್ದೆ. ಯಾಕೆ ಎದ್ದೆನೆಂದು ಗೊತ್ತಿಲ್ಲ. ಬಹುಶಃ ಮಾಸ್ತರನ್ನು ನೋಡಿ ಇರಬೇಕು.

ಉಳಿದ ಆರು ಟೆಂಪ್ಲೇಟುಗಳಿಗೆ ಒಂದು ತಾಸು ಹಿಡಿಯಿತು. ವೀಣಾ ಬಂದು ನೋಡಿ, "ಚಲೋ ಮಾಡಿದ್ರಿ," ಎಂದಳು. ಅವಳು ಅಷ್ಟು ಹೇಳುವುದೂ ಅಪರೂಪ. ನಾನು ಆ ಎರಡು ಶಬ್ದಗಳನ್ನು ಬಸ್ಸಿನಲ್ಲಿ ಅಂಕೋಲೆಯವರೆಗೂ ಮೆಲುಕು ಹಾಕುತ್ತ ಬಂದೆ.

ಆದರೆ ಮನೆಗೆ ಬಂದು ಸುಲೋಚನಾಳಿಗೆ ತೋರಿಸುವಾಗ ಅವಳು ಒಂದು ಕಡೆ ಬೆರಳಿಟ್ಟಳು. "ಪಾರ್ವತಿ ಆಯಿದು ಎಲ್ಲಿ?" ಹೌದು, ಒಂದು ಚೌಕ ಖಾಲಿಯೇ ಉಳಿದಿತ್ತು. ಎಷ್ಟು ಸಲ ಪುಟ ತೆಗೆದರೂ ಅದು ಖಾಲಿ. ಕೊನೆಗೆ ನೆನಪಾಯಿತು. ಉಳಿದ ಎಲ್ಲ ಫೋಟೋಗಳನ್ನು ನಾನು ವೀಣಾ ಹೇಳಿಕೊಟ್ಟ ಕ್ರಮದಲ್ಲಿ, ವ್ಯವಸ್ಥೆಯ ದಫ್ತರದಲ್ಲಿ ದಾಖಲಾಗುವಂತೆ ಏರಿಸಿದ್ದೆ. ಪಾರ್ವತಿ ಆಯಿಯ ಫೋಟೋ ಮಾತ್ರ ತಡವಾಗಿ ಬಂದಿತ್ತು. ಅವಳಿಗೆ ಬೇಗ ತೋರಿಸಬೇಕೆಂಬ ಅವಸರದಲ್ಲಿ ಅದನ್ನು ನೇರವಾಗಿ ಫೋಲ್ಡರಿನೊಳಗೆ ತಳ್ಳಿಬಿಟ್ಟಿದ್ದೆ, ಪುಟದಲ್ಲಿ ಅದರ ಹೆಸರಷ್ಟನ್ನೇ ಬರೆದಿದ್ದೆ. ನಾನು ವಿಳಾಸ ಬರೆದಿದ್ದಷ್ಟು ಕಾಲ ಅದೂ ಕಾಣುತ್ತಿತ್ತು. ಈಗ ವಿಳಾಸ ಕೇಳಿದರೆ, ಅಂಥವರು ಯಾರೂ ನಮ್ಮಲ್ಲಿ ಇಲ್ಲ ಎನ್ನುತ್ತಿತ್ತು ವ್ಯವಸ್ಥೆ. ದಫ್ತರದಲ್ಲಿ ಇಲ್ಲದ್ದನ್ನು ಅದು ಸಾಗಿಸಿರಲೂ ಇಲ್ಲ; ಹಳೆಯ ಜಾಗ ಆಗಲೇ ಮುಚ್ಚಿತ್ತು. ನನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಸೈಟಿನಲ್ಲಿ ಇದೆಯಲ್ಲ ಎಂಬ ಧೈರ್ಯದಿಂದ ನಾನೇ ಅಳಿಸಿದ್ದೆ.

ಹಳೆಯ ಕೇರಿಗೇ ಹಿರಿಯಳಾದ ಪಾರ್ವತಿ ಆಯಿಗೆ ಎಂಬತ್ತೈದರ ಮೇಲಾಗಿದೆ. ಈಗ ಹಣಕೋಣದಲ್ಲಿ ಮಗಳ ಜೊತೆ ಇದ್ದಾಳೆ. ಅವಳ ಗಂಡ ವೆಂಕಣ್ಣ ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದವನು, ತೀರಿಹೋಗಿ ಬಹಳ ಕಾಲವಾಯಿತು. ಪಕ್ಕದ ಮನೆಯ ಮದುವೆಗೆ ಬಂದಿದ್ದ ಫೋಟೋಗ್ರಾಫರನ ರೀಲಿನಲ್ಲಿ ಒಂದು ಫೋಟೋ ಉಳಿದಿತ್ತಂತೆ. ಅದನ್ನು ಹಾಳು ಮಾಡುವುದೇಕೆಂದು ಇವರಿಬ್ಬರನ್ನು ಇವರ ಮನೆಯ ಮುಂದೆ ನಿಲ್ಲಿಸಿ ತೆಗೆದಿದ್ದ. ಗಂಡ ಹೆಂಡತಿ ಒಟ್ಟಿಗಿದ್ದ ಫೋಟೋ ಅದೊಂದೇ. ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ನೋಡಬೇಕೆಂದೇ ಅವಳು ಸೇರುವಿಕೆಗೆ ಬರಲು ಒಪ್ಪಿದ್ದಳು. ಕಾಗದದ ಮೂಲ ಪ್ರತಿ ಈಗಲೂ ಅವಳ ಬಳಿ ಇದೆಯೋ ಇಲ್ಲವೋ, ಇದ್ದರೂ ಯಾವ ಸ್ಥಿತಿಯಲ್ಲಿದೆಯೋ ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಲು ಧೈರ್ಯ ಬರಲಿಲ್ಲ. ಹಣಕೋಣಕ್ಕೆ ಹೋದೆ.

ಆಯಿ ಜಗಲಿಯಲ್ಲಿ ಕೂತು ಒಣಗಿದ ಸಿಗಡಿಯ ತಲೆ ಮುರಿಯುತ್ತಿದ್ದಳು. ಕಣ್ಣು ಮಂಜಾಗಿದ್ದರೂ ನನ್ನ ಹೆಜ್ಜೆಯ ಸದ್ದಿಗೇ ಗುರುತಿಸಿದಳು.

"ಟಪಾಲ ತಮಾ ಅಲ್ದಾ? ಈಗ ಯಾರ ಕಾಗದ ತಂದೆ?"

"ಕಾಗದ ತರ್ಲಿಲ್ಲ ಆಯಿ. ನಿನ್ನ ಹತ್ರ ಕೇಳೂಕೆ ಬಂದೆ," ಎಂದು ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದೆ. ಟೆಂಪ್ಲೇಟು ಬಿಡಲಿಲ್ಲ, ಕಂಸವನ್ನೂ ಬಿಡಲಿಲ್ಲ. ಅವಳು ಸಿಗಡಿ ಮುರಿಯುವುದನ್ನು ನಿಲ್ಲಿಸದೆ ಕೇಳಿದಳು.

"ಅಂದ್ರೆ ಎಲ್ಲರ ಫೋಟೋಕ್ಕೂ ಹೊಸ ಜಾಗ ಸಿಕ್ತು. ನನ್ನದರ ಹೆಸ್ರು ಮಾತ್ರ ಪಟ್ಟಿಯಲ್ಲಿ ಇರ್ಲಿಲ್ಲ."

"ಹೌದು. ತಪ್ಪು ನನ್ನದು."

"ಚೆಂಡಿಯಾದ ಮನೆ ಹೋಗಿ ಹೊಸ ಜಾಗ ಕೊಡೂವಾಗ ನಮಗೂ ಹಾಂಗೇ ಆಗಿತ್ತಲ್ಲ. ಪಟ್ಟಿಯಲ್ಲಿ ಹೆಸ್ರಿಲ್ಲ ಅಂದ್ರು. ಇವ್ರು ಎಷ್ಟು ಸಲ ಆಫೀಸಿಗೆ ಓಡಾಡಿದ್ರು," ಎಂದಳು. ನಾನು ನೆಲ ನೋಡುತ್ತ ಕೂತೆ. ಆಮೇಲೆ ಅವಳು ಮಗಳನ್ನು ಕರೆದು, "ಆ ಬಿಸ್ಕೀಟಿನ ಡಬ್ಬಿ ತಕ್ಕಂಡು ಬಾ," ಎಂದಳು.

ಫೋಟೋ ಇತ್ತು. ಒಂದು ಮೂಲೆಗೆ ತೇವ ಹತ್ತಿ ತೆಂಗಿನ ಮರದ ಅರ್ಧ ಹೋಗಿತ್ತು, ಮನುಷ್ಯರಿಬ್ಬರೂ ಕ್ಷೇಮವಾಗಿದ್ದರು. ವೆಂಕಣ್ಣ ಹೊಸ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದ. ಫೋಟೋ ಮನೆಯಿಂದ ಹೊರಗೆ ಕೊಡುವುದಿಲ್ಲವೆಂದು ಆಯಿ ಖಂಡಿತವಾಗಿ ಹೇಳಿದಳು. "ಒಂದ್ಸಲ ಕೊಟ್ಟದ್ದು ಸಾಕು. ಎಂತ ಮಾಡ್ತೀಯೋ ಇಲ್ಲೇ ಮಾಡು." ಜಗಲಿಯ ಬೆಳಕಿನಲ್ಲಿ ಮಗಳು ಫೋಟೋವನ್ನು ಹಿಡಿದುಕೊಂಡಳು, ನಾನು ಮೊಬೈಲಿನಲ್ಲಿ ಏಳೆಂಟು ಸಲ ತೆಗೆದೆ. ಅಲ್ಲಿಯೇ ಕೂತು, ಈ ಸಲ ಸರಿಯಾದ ಬಾಗಿಲಿನಿಂದ ಏರಿಸಿ, ಹೆಸರು ಬರೆಸಿ, ದಫ್ತರದಲ್ಲಿ ದಾಖಲೆ ಮಾಡಿಸಿದೆ. ಪುಟ ತೆರೆದೆ. ಚೌಕ ತುಂಬಿತು. ವಿಳಾಸ ನಾನು ಬರೆಯಲಿಲ್ಲ, ಅದೇ ಕೊಟ್ಟಿತು. ಆಯಿಯ ಕೈಗೆ ಮೊಬೈಲ್ ಕೊಟ್ಟರೆ ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇಲ್ಲಿ ಸಣ್ಣದು. ಗೋಡೆ ಮೇಲೆ ನೋಡ್ತೆ," ಎಂದು ವಾಪಸು ಕೊಟ್ಟಳು.

ಸೇರುವಿಕೆಯ ದಿನ ಗೋಡೆಯ ಮೇಲೆ ಒಂದೊಂದೇ ಮನೆ ಬಂತು. ಜನ ಗದ್ದಲ ಮಾಡಿದರು, ನಕ್ಕರು, ಕೆಲವರು ಎದ್ದು ಗೋಡೆಯ ಹತ್ತಿರ ಹೋಗಿ ತಮ್ಮ ಮನೆಯ ಬಾಗಿಲಿಗೆ ಕೈಯಿಟ್ಟರು. ಒಂದೂ ಚೌಕ ಖಾಲಿ ಇರಲಿಲ್ಲ. ನಾನು ಹಿಂದೆ ಕಂಬಕ್ಕೆ ಒರಗಿ, ಯಾರಾದರೂ ಬಂದು ಇದೆಲ್ಲ ಹೇಗಾಯಿತೆಂದು ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ. ಸರಿಯಾಗಿ ತಲುಪಿದ ಕಾಗದದ ಬಗ್ಗೆ ಯಾರೂ ಟಪಾಲಿನವನನ್ನು ಕೇಳುವುದಿಲ್ಲ. ಆಮೇಲೆ ಪಾರ್ವತಿ ಆಯಿಯ ಫೋಟೋ ಬಂತು. ಅವಳು ಮುಂದಿನ ಸಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದಳು. ಕಂಪ್ಯೂಟರಿನ ಹತ್ತಿರ ಇದ್ದ ವೀಣಾ ಮುಂದಿನ ಫೋಟೋಕ್ಕೆ ಹೋಗಲಿಲ್ಲ. ಕೊನೆಗೆ ಆಯಿ, "ಅಂಗಿಯ ಗುಂಡಿ ಬಿಚ್ಚೂಕೆ ಹೇಳಿದ್ದೆ ಆಗ್ಲೂ. ಕೇಳ್ಲಿಲ್ಲ ನೋಡು," ಎಂದಳು. ಇಡೀ ಸಭೆ ನಕ್ಕಿತು, ಅವಳೂ ನಕ್ಕಳು. ಆ ಗಳಿಗೆಯಲ್ಲಿ ನನ್ನ ಎದೆ ಎಷ್ಟು ಉಬ್ಬಿತೆಂದರೆ ನಾನೂ ಮೇಲಿನ ಗುಂಡಿ ಬಿಚ್ಚಬೇಕಾಯಿತು.

ಹೊರಡುವಾಗ ಆಯಿ ನನ್ನ ಕೈ ಹಿಡಿದು, "ತಮಾ, ಇದ್ರದ್ದೊಂದು ದೊಡ್ಡ ಪ್ರತಿ ಮಾಡಿ ನಂಗೆ ಟಪಾಲಿನಲ್ಲಿ ಕಳ್ಸು," ಎಂದಳು. ಕೈಯಲ್ಲೇ ತಂದುಕೊಡುತ್ತೇನೆ ಎಂದೆ. "ಬೇಡ, ಟಪಾಲಿನಲ್ಲೇ ಬರ್ಲಿ. ನನ್ನ ಹೆಸ್ರಿಗೆ ಒಂದು ಕಾಗದ ಬಾರದೆ ಎಷ್ಟು ಕಾಲ ಆಯ್ತು," ಎಂದಳು. ಇಂಥ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡುವವರು ಯಾರು? ವೀಣಾಳ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಹಿಂದೆ ಮುಂದೆ ರಟ್ಟು ಇಟ್ಟು, ಲಕೋಟೆಯ ಮೇಲೆ ನನ್ನ ದುಂಡು ಅಕ್ಷರದಲ್ಲಿ ಪೂರ್ತಿ ವಿಳಾಸ ಬರೆದು, ಅಂಕೋಲೆಯ ಅಂಚೆ ಕಚೇರಿಯಲ್ಲಿ ಹಾಕಿ ಬಂದೆ. ಸುಲೋಚನಾಳಿಗೆ ಲಕೋಟೆಯನ್ನು ತೋರಿಸಿಯೇ ಹೋಗಿದ್ದೆ. ಅಕ್ಷರ ಚಂದ ಇದೆ ಎಂದಿದ್ದಳು.

ಹತ್ತು ದಿನದ ಮೇಲೆ ಆಯಿಯ ಮಗಳು ಫೋನ್ ಮಾಡಿದಳು. ಫೋಟೋ ಬಂತು, ಗೋಡೆಗೆ ಹಾಕಿದ್ದೇವೆ, ಆಯಿಗೆ ಖುಷಿ ಎಂದಳು. ತಡವಾಯಿತಲ್ಲ ಎಂದೆ. ಅವಳು ಸಂಕೋಚದಿಂದಲೇ ಹೇಳಿದಳು: "ಅಣ್ಣಾ, ನೀವು ಲಕೋಟೆ ಮೇಲೆ ಚೆಂಡಿಯಾದ ಹಳೇ ಮನೆಯ ವಿಳಾಸ ಬರ್ದಿದ್ರಿ. ಅಲ್ಲಿಗೆ ಹೋಗಿ, ಅಲ್ಲಿನ ಅಂಚೆಯಲ್ಲಿ ಯಾರೋ ಗುರ್ತಿದ್ದವ್ರು ಹಣಕೋಣ ಅಂತ ತಿದ್ದಿ ಕಳ್ಸಿದ್ರು. ನಮ್ಮಲ್ಲಿ ಟಪಾಲು ಕೊಡೂಕೆ ಬರೋ ಹುಡುಗಿ ಕೇಳಿದ್ಲು, ಅಕ್ಷರ ಇಷ್ಟು ಚಂದ ಇದೆ, ವಿಳಾಸ ಗೊತ್ತಿಲ್ಲದವ್ರು ಯಾರು ಇವ್ರು ಅಂತ."

"ನೀನು ಎಂತ ಹೇಳ್ದೆ?" ಎಂದು ಕೇಳಿದೆ.

"ನಮ್ಮ ಪೈಕಿಯವ್ರು, ಕಂಪ್ಯೂಟರ್ ಕೆಲ್ಸ ಮಾಡ್ತಾರೆ ಅಂದೆ."